ಸರಕಿನ ಹುಟ್ಟೂರು ಹುಡುಕಿದ ಬಗೆ

ಮುಂಬೈಯ ಬ್ಯಾಲಾರ್ಡ್ ಎಸ್ಟೇಟಿನಲ್ಲಿ ಆಮದು ಕಾಗದಪತ್ರಗಳ ಕೆಲಸ ಮಾಡಿಕೊಂಡು ಬಂದಿರುವ ನನಗೆ ವ್ಯಾಪಾರ ಒಪ್ಪಂದವೆಂದರೇನು ಎಂಬುದು ನಿಜವಾಗಿ ತಿಳಿದದ್ದು ವಸಯಿಯ ಸಣ್ಣ ವ್ಯಾಪಾರಿಯೊಬ್ಬರ ಪಂಪುಗಳ ಲೆಕ್ಕ ಹಾಕಲು ಕುಳಿತಾಗ. ಉಡುಪಿ ಕಡೆಯವರಾದ ಅವರು ವಿಯೆಟ್ನಾಂನಿಂದ ತರಿಸಿದ ಸರಕಿಗೆ, ಆಗ್ನೇಯ ಏಷ್ಯಾ ದೇಶಗಳ ಗುಂಪಾದ ಆಸಿಯಾನ್ ಜೊತೆ ಭಾರತ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದದ ರಿಯಾಯಿತಿ ಸುಂಕ ಕೇಳಬೇಕೆಂದಿದ್ದರು.

ವಿಶ್ವ ವ್ಯಾಪಾರ ಸಂಸ್ಥೆಯ ಮುಖ್ಯ ನಿಯಮದಂತೆ ಒಬ್ಬ ಸದಸ್ಯನಿಗೆ ಕೊಟ್ಟ ಸುಂಕದ ದರವನ್ನು ಎಲ್ಲ ಸದಸ್ಯರಿಗೂ ಕೊಡಬೇಕು. ಮುಕ್ತ ವ್ಯಾಪಾರ ಒಪ್ಪಂದಗಳಿಗೆ ಗ್ಯಾಟ್‌ನ (ಆ ಸಂಸ್ಥೆಯ ಸರಕು ವ್ಯಾಪಾರ ಒಪ್ಪಂದದ) 24ನೇ ವಿಧಿ ಇದರಿಂದ ವಿನಾಯಿತಿ ನೀಡುತ್ತದೆ. ಆ ರಿಯಾಯಿತಿ ಮೂರನೆಯ ದೇಶದ ಸರಕಿಗೆ ಸೋರಿಹೋಗಬಾರದು ಎಂಬುದಕ್ಕಾಗಿಯೇ ಸರಕು ಯಾವ ದೇಶದ್ದೆಂದು ತೀರ್ಮಾನಿಸುವ ‘ಮೂಲದ ನಿಯಮ’ಗಳಿವೆ. 2019ರ ನವೆಂಬರಿನಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯ ಮಾತುಕತೆಯಿಂದ ಭಾರತ ಹೊರಬಂದಾಗ ಎತ್ತಿದ ಆತಂಕಗಳಲ್ಲಿ ಈ ಸೋರಿಕೆಯೂ ಒಂದಾಗಿತ್ತು.

ಆಸಿಯಾನ್ ಒಪ್ಪಂದದ ಸಾಮಾನ್ಯ ನಿಯಮದಲ್ಲಿ ಎರಡು ಷರತ್ತುಗಳಿವೆ. ಸರಕಿನ ಎಫ್‌ಒಬಿ ಬೆಲೆಯಲ್ಲಿ (ಹಡಗಿಗೆ ಏರಿಸುವವರೆಗಿನ ಬೆಲೆಯಲ್ಲಿ) ಕನಿಷ್ಠ ಶೇ. 35 ಒಪ್ಪಂದದ ದೇಶಗಳದ್ದಾಗಿರಬೇಕು. ಹೊರಗಿನ ಸಾಮಗ್ರಿಯ ಎಚ್‌ಎಸ್ ಸಂಖ್ಯೆ (ಸರಕುಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಸಂಖ್ಯೆ) ಆರು ಅಂಕಿಯ ಮಟ್ಟದಲ್ಲಿ ಸಿದ್ಧ ವಸ್ತುವಿನದಕ್ಕಿಂತ ಬೇರೆಯಾಗಿರಬೇಕು. ಪಂಪಿನ ಬಿಡಿಭಾಗಗಳದು 841391, ಪಂಪಿನದು 841370. ಹಾಗಾಗಿ ಎರಡನೆಯದು ಸುಲಭವಾಗಿ ದಾಟಿತು. ತೊಡಕಾದದ್ದು ಬೆಲೆಯಲ್ಲಿ. ಪಂಪೊಂದರ ಬೆಲೆ 100 ಡಾಲರ್, ಚೀನಾದ ಭಾಗಗಳು 52, ಉಳಿದದ್ದು 48 ಎಂದು ಮಾರಾಟಗಾರರು ಬರೆದು ಕಳುಹಿಸಿದ್ದರು. ನಾನೂ ಅದನ್ನೇ ನಂಬಿದೆ. ಆದರೆ ಸಾಮಗ್ರಿ ಪಟ್ಟಿಯನ್ನು ಸಾಲು ಸಾಲಾಗಿ ಓದುವಾಗ 16 ಡಾಲರಿನ ಮೋಟರಿನ ಎದುರು ‘ಸ್ಥಳೀಯ ಖರೀದಿ’ ಎಂದಷ್ಟೇ ಇತ್ತು. ಅದನ್ನು ಯಾರು, ಎಲ್ಲಿ ತಯಾರಿಸಿದರು ಎಂದು ಕೇಳಿದರೆ ಉತ್ತರ ಬರಲಿಲ್ಲ. ಸ್ಥಳೀಯವಾಗಿ ಕೊಂಡದ್ದೆಲ್ಲ ಸ್ಥಳೀಯ ಮೂಲದ್ದಾಗುವುದಿಲ್ಲ; ಮೂಲ ಖಚಿತವಿಲ್ಲದ ಸಾಮಗ್ರಿಯನ್ನು ಶೇ. 35ರ ಲೆಕ್ಕದಲ್ಲಿ ಹೊರಗಿನದೆಂದೇ ಎಣಿಸಬೇಕು. 52ಕ್ಕೆ 16 ಸೇರಿದರೆ 68. ಉಳಿದದ್ದು 32, ಮೂರು ಡಾಲರ್ ಕಡಿಮೆ.

ಸರಕು ವಿಯೆಟ್ನಾಂ ಮೂಲದ್ದೆಂದು ಹೇಳುವ, ಸರಕಾರಿ ಮೊಹರಿದ್ದ ಪ್ರಮಾಣಪತ್ರ ಕೈಯಲ್ಲೇ ಇತ್ತು. ಹಿಂದೆಯಾಗಿದ್ದರೆ ಅದನ್ನೇ ಮುಂದಿಟ್ಟುಬಿಡುತ್ತಿದ್ದೆವು. ಆದರೆ 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಮೂಲದ ಮಾಹಿತಿಯನ್ನು ಆಮದುದಾರನೇ ಹೊಂದಿರಬೇಕು, ಐದು ವರ್ಷ ಕಾಪಿಡಬೇಕು, ಕಸ್ಟಮ್ಸ್ ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನಗಳಲ್ಲಿ ಕೊಡಬೇಕು. ಸಣ್ಣವರಿಗೆ ಇದು ಭಾರವೇ ಸರಿ, ಆದರೂ ನ್ಯಾಯವಾದದ್ದೆಂದು ನನ್ನ ನಂಬಿಕೆ. ಇದೇ ವಸಯಿಯಲ್ಲಿ ಪಂಪು ತಯಾರಿಸುವವರೂ ಇದ್ದಾರೆ; ಅರ್ಹತೆಯಿಲ್ಲದ ಸರಕಿಗೆ ರಿಯಾಯಿತಿ ಸಿಕ್ಕರೆ ಪೆಟ್ಟು ಬೀಳುವುದು ಅವರಿಗೆ.

ವಿಷಯ ತಿಳಿಸಿದಾಗ ನಮ್ಮ ವ್ಯಾಪಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಪೂರ್ತಿ ಸುಂಕ ಕಟ್ಟಿಬಿಡುವ ಮಾರಾಯ್ರೆ, ಆಮೇಲೆ ನೋಟಿಸು ಬರುವುದು ಬೇಡ” ಎಂದರು. ರಿಯಾಯಿತಿ ಕೇಳದೆಯೇ ಬಿಲ್ ಆಫ್ ಎಂಟ್ರಿ (ಆಮದಿನ ಘೋಷಣಾ ಪತ್ರ) ಸಲ್ಲಿಸಿದೆವು. ಮುಂದಿನ ಆರ್ಡರಿನಲ್ಲಿ ವಿಯೆಟ್ನಾಂನಲ್ಲೇ ತಯಾರಾದ ಮೋಟರನ್ನೇ ಹಾಕಬೇಕೆಂದು ಬರೆಸಿ, ತಯಾರಕರ ವೆಚ್ಚದ ವಿವರವನ್ನು ಹಡಗು ಹೊರಡುವ ಮೊದಲೇ ತರಿಸಿಕೊಂಡೆ. ಆ ಸರಕಿಗೆ ನ್ಹಾವಾ ಶೇವಾ ಬಂದರಿನಲ್ಲಿ ರಿಯಾಯಿತಿ ದೊರೆಯಿತು.