ಬುಷ್‌ಗೆ ಒಳಗಿನಿಂದಲೇ ಬಿಗಿ ಹಿಡಿತ: ಹಿಗ್ಗುವ ಮ್ಯಾಂಡ್ರೆಲ್ ಮಾಡುವುದು ಹೇಗೆ?

ಹಳೆಯ ಮಾದರಿಯ ಸೈಕಲ್ಲಿನ ಹ್ಯಾಂಡಲ್ ಬಿಚ್ಚಿದವರಿಗೆ ಈ ಸಾಧನದ ಗುಟ್ಟು ಅರ್ಧ ಗೊತ್ತಿರುತ್ತದೆ. ಹ್ಯಾಂಡಲ್‌ನ ದಂಡ ಫೋರ್ಕಿನ ಕೊಳವೆಯೊಳಗೆ ಇಳಿದಿರುತ್ತದೆ. ಅದನ್ನು ಹಿಡಿದಿಡಲು ಹೊರಗೆ ಕ್ಲಾಂಪೂ ಇಲ್ಲ, ಪಿನ್ನೂ ಇಲ್ಲ. ಮೇಲಿನ ಉದ್ದನೆಯ ಬೋಲ್ಟ್ ತಿರುಗಿಸಿದಂತೆ ಕೆಳಗಿರುವ ಕೋನ್ ಮೇಲೇರಿ, ಸೀಳು ಬಿಟ್ಟ ದಂಡದ ತುದಿಯೊಳಗೆ ತೂರಿಕೊಳ್ಳುತ್ತದೆ. ದಂಡ ಹಿಗ್ಗಿ ಕೊಳವೆಯ ಒಳಗೋಡೆಯನ್ನು ಒತ್ತಿ ಹಿಡಿಯುತ್ತದೆ. ಗೋಡೆಗೆ ಹಾಕುವ ಆ್ಯಂಕರ್ ಬೋಲ್ಟ್, ಒಂದೇ ಕಡೆ ಬಾಯಿರುವ ಗುಂಡಿಯಿಂದ ಬೇರಿಂಗ್ ಕೀಳುವ ಪುಲ್ಲರ್ ಕೂಡ ಇದೇ ಜಾತಿಯವು. ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಮೇಲೆ ಕೆಲಸ ಮಾಡುವವರಿಗೆ ಇದೇ ತತ್ವ ಹಿಗ್ಗುವ ಮ್ಯಾಂಡ್ರೆಲ್, ಅಂದರೆ ಟೊಳ್ಳು ವಸ್ತುವನ್ನು ಒಳಗಿನಿಂದ ಹಿಡಿಯುವ ದಂಡದ ರೂಪದಲ್ಲಿ ಒದಗುತ್ತದೆ. ಅಂಗಡಿಯಿಂದ ಕೊಳ್ಳದೆ, ಕೈಯಲ್ಲಿರುವ ಲೇತ್‌ನಲ್ಲೇ ಅದನ್ನು ಮಾಡಿಕೊಳ್ಳುವ ಬಗೆ ಇಲ್ಲಿದೆ.

ಒಳಗಿನಿಂದ ಯಾಕೆ ಹಿಡಿಯಬೇಕು?

ಬುಷ್ (ಶಾಫ್ಟ್ ಕೂರುವ ಕೊಳವೆಯಂಥ ತುಂಡು), ಪುಲ್ಲಿ, ಗೇರ್, ರಿಂಗ್ ಇಂಥ ಟೊಳ್ಳು ವಸ್ತುಗಳಲ್ಲಿ ಸಾಮಾನ್ಯವಾಗಿ ಬೋರ್, ಅಂದರೆ ನಡುವಿನ ತೂತು ಮುಖ್ಯ. ಶಾಫ್ಟ್ ಕೂರುವುದು ಅಲ್ಲಿಯೇ. ಹೊರಮೈ ಬೋರ್‌ಗೆ ಏಕಕೇಂದ್ರವಾಗಿರದಿದ್ದರೆ ಪುಲ್ಲಿ ತೂಗಾಡುತ್ತದೆ, ಗೇರ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾಗಿ ಹಲ್ಲು ಕಚ್ಚುತ್ತದೆ. ಬೋರ್ ಮುಗಿಸಿ, ತಿರುವಿ ಹಾಕಿ, ಮೂರು ದವಡೆಯ ಚಕ್‌ನಲ್ಲಿ (ಲೇತ್ ಮೇಲೆ ವಸ್ತು ಹಿಡಿಯುವ ಭಾಗ) ಮತ್ತೆ ಹಿಡಿದರೆ ಏನಾಗುತ್ತದೆ ಎಂದು ಸೂಕ್ಷ್ಮ ಓಲಾಟ ತೋರಿಸುವ ಡಯಲ್ ಗೇಜ್ ಹಿಡಿದು ನೋಡಿ. ಒಂದಿಷ್ಟು ಬಳಸಿದ ಚಕ್‌ನಲ್ಲಿ 0.05ರಿಂದ 0.1 ಮಿಲಿಮೀಟರ್ ಓಲಾಟ ಮಾಮೂಲಿ. ನಾಲ್ಕು ದವಡೆಯ ಚಕ್‌ನಲ್ಲಿ ಸರಿಪಡಿಸಬಹುದು, ನಿಜ. ಆದರೆ ಒಂದೇ ಅಳತೆಯ ಹತ್ತಿಪ್ಪತ್ತು ಬುಷ್ ಇದ್ದರೆ ಪ್ರತಿಯೊಂದಕ್ಕೂ ಡಯಲ್ ಹಿಡಿದು ಕೂರುವ ತಾಳ್ಮೆ ಯಾರಿಗಿದೆ? ಅಲ್ಲದೆ ದವಡೆಗಳು ಹೊರಗಿನಿಂದ ಹಿಡಿದಿದ್ದರೆ ಹೊರಮೈಯನ್ನು ಉದ್ದಕ್ಕೂ ಒಂದೇ ಪಟ್ಟಿನಲ್ಲಿ ತಿರುಗಿಸಲೂ ಆಗದು.

ಚಕ್‌ನ ದವಡೆಗಳನ್ನೇ ಬೋರ್ ಒಳಗೆ ಇಳಿಸಿ ಹೊರಕ್ಕೆ ಬಿಚ್ಚಿಯೂ ಹಿಡಿಯಬಹುದಲ್ಲ ಎನ್ನಬಹುದು. ದಪ್ಪ ಗೋಡೆಯ ದೊಡ್ಡ ವಸ್ತುವಿಗೆ ಅದು ಸಾಕು. ಗೋಡೆ ತೆಳುವಾಗಿದ್ದರೆ ಮೂರು ಕಡೆ ಮಾತ್ರ ಒತ್ತಡ ಬಿದ್ದು ಬುಷ್ ಮೂರು ಮೂಲೆಯಾಗಿ ಉಬ್ಬುತ್ತದೆ. ಆ ಸ್ಥಿತಿಯಲ್ಲಿ ಹೊರಗನ್ನು ದುಂಡಗೆ ತಿರುಗಿಸುತ್ತೀರಿ, ಚಕ್ ಸಡಿಲಿಸುತ್ತೀರಿ, ಬುಷ್ ತನ್ನ ಹಳೆಯ ಆಕಾರಕ್ಕೆ ಮರಳುತ್ತದೆ. ಆಗ ಬೋರ್ ದುಂಡಗಾಗಿ, ನೀವು ತಿರುಗಿಸಿದ ಹೊರಮೈ ಮೂರು ಮೂಲೆಯಾಗುತ್ತದೆ. ಹಿಗ್ಗುವ ಮ್ಯಾಂಡ್ರೆಲ್ ಬೋರ್‌ನ ಸುತ್ತಲೂ ಒತ್ತುವುದರಿಂದ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಅಳತೆ ಮೊದಲು

ಉದಾಹರಣೆಗೆ 25 ಮಿ.ಮೀ. ಬೋರ್, 30 ಮಿ.ಮೀ. ಉದ್ದ ಇರುವ ಬುಷ್ ಇದೆ ಎಂದುಕೊಳ್ಳೋಣ. ಹೊರಮೈಯನ್ನು 42ರಿಂದ 40 ಮಿ.ಮೀ.ಗೆ ಇಳಿಸಬೇಕು. ಮುಂದಿನ ಅಳತೆಗಳೆಲ್ಲ ಇದಕ್ಕೆ ಹೊಂದಿಕೊಂಡವು. ನಿಮ್ಮ ಕೆಲಸಕ್ಕೆ ತಕ್ಕಂತೆ ಹಿಗ್ಗಿಸಿ, ಕುಗ್ಗಿಸಿ.

ಬೋರ್‌ನ ಎರಡೂ ಬಾಯಿಯ ಬರ್ (ಅಂಚಿನಲ್ಲಿ ಉಳಿದ ಚೂಪು ಚೂರು) ತೆಗೆದು, ಒಳಮೈ ಒರೆಸಿ, ಎರಡು ತುದಿಯಲ್ಲೂ ನಡುವೆಯೂ ಅಳೆಯಿರಿ. ಬೋರ್ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿದ್ದರೆ ಯಾವ ಮ್ಯಾಂಡ್ರೆಲ್ಲೂ ಅದನ್ನು ನೆಟ್ಟಗೆ ಹಿಡಿಯಲಾರದು. ಮೊದಲು ಬೋರ್ ಸರಿಮಾಡಿ.

ಕೋನ್ ತುಂಡು

ಮ್ಯಾಂಡ್ರೆಲ್‌ಗಿಂತ ಮೊದಲು ಅದರ ಕೋನ್ ಮಾಡಿಟ್ಟುಕೊಳ್ಳಿ. ಕಾರಣ, ಮ್ಯಾಂಡ್ರೆಲ್ ಒಮ್ಮೆ ಚಕ್ ಏರಿತೆಂದರೆ ಬುಷ್‌ಗಳೆಲ್ಲ ಮುಗಿಯುವವರೆಗೆ ಇಳಿಯಬಾರದು.

ಟೂಲ್ ಅನ್ನು ಓರೆಯಾಗಿ ಸಾಗಿಸುವ ಕಾಂಪೌಂಡ್ ಸ್ಲೈಡನ್ನು 15 ಡಿಗ್ರಿಗೆ ತಿರುಗಿಸಿ, ಒಂದು ತುಂಡು ರಾಡಿನಿಂದ ದೊಡ್ಡ ತುದಿ 20 ಮಿ.ಮೀ., ಸಣ್ಣ ತುದಿ 13 ಮಿ.ಮೀ. ಇರುವ ಕೋನ್ ತಿರುಗಿಸಿ. ಉದ್ದ ತಾನಾಗಿಯೇ ಸುಮಾರು 13 ಮಿ.ಮೀ. ಬರುತ್ತದೆ. ನಡುವೆ 8.5 ಮಿ.ಮೀ. ತೂತು ಹಾಕಿ, ಎಂ8 (8 ಮಿ.ಮೀ. ದಪ್ಪದ) ಅಲೆನ್ ಬೋಲ್ಟ್ ಅದರಲ್ಲಿ ಸಡಿಲವಾಗಿ ಹೋಗಬೇಕು.

15 ಡಿಗ್ರಿಯೇ ಯಾಕೆ? ಉಕ್ಕು ಉಕ್ಕಿನ ಮೇಲೆ ಜಾರುವಾಗ ಘರ್ಷಣೆ ಗುಣಾಂಕ ಸುಮಾರು 0.15 ಎಂದು ಹಿಡಿದರೆ, 8-9 ಡಿಗ್ರಿಗಿಂತ ಕಡಿಮೆ ಓರೆಯ ಕೋನ್ ಒಳಗೆ ಹೋದಲ್ಲೇ ಕಚ್ಚಿಕೊಂಡು ಕೂರುತ್ತದೆ. ಟೇಲ್‌ಸ್ಟಾಕಿನ (ಚಕ್‌ಗೆ ಎದುರಿರುವ ಭಾಗದ) ಮೋರ್ಸ್ ಟೇಪರ್ ಹಾಗೆ ಕಚ್ಚಿಕೊಳ್ಳಲಿ ಎಂದೇ ಅದರ ಓರೆ ಒಂದೂವರೆ ಡಿಗ್ರಿಯ ಆಸುಪಾಸಿನಲ್ಲಿದೆ. ನಮ್ಮದು ಬೋಲ್ಟ್ ಸಡಿಲಿಸಿದ ಕೂಡಲೇ ಬಿಡಬೇಕು. ಹಾಗೆಂದು 45 ಡಿಗ್ರಿಗೆ ಹೋದರೆ ಬೋಲ್ಟ್‌ನ ಬಲವೆಲ್ಲ ಉದ್ದಕ್ಕೆ ಎಳೆಯುವುದರಲ್ಲೇ ಖರ್ಚಾಗಿ, ಪಕ್ಕಕ್ಕೆ ಹಿಗ್ಗಿಸುವ ಬಲ ಕಡಿಮೆಯಾಗುತ್ತದೆ. ಕೌಂಟರ್‌ಸಂಕ್ ಸ್ಕ್ರೂವಿನ ತಲೆಯನ್ನೇ ಕೋನ್ ಆಗಿ ಬಳಸುವವರು ಇದ್ದಾರೆ. ಹಗುರ ಕೆಲಸಕ್ಕೆ ನಡೆದೀತು, ಆದರೆ ನನಗೆ ಬೇರೆ ಕೋನ್ ತುಂಡೇ ಮೇಲು. ಸ್ಕ್ರೂವಿನ ತಲೆ ತಿರುಗುತ್ತಾ ಒಳಗೆ ಹೋಗುವಾಗ ಮೈ ಉಜ್ಜಿ ಗೀರು ಬೀಳಿಸುತ್ತದೆ. ಪ್ರತ್ಯೇಕ ಕೋನ್ ತಿರುಗದೆ ನೇರವಾಗಿ ಒಳಗೆ ಜಾರುತ್ತದೆ. ತೂತು ತುಸು ದೊಡ್ಡದಿರುವುದರಿಂದ ತನ್ನ ಕೇಂದ್ರವನ್ನು ತಾನೇ ಕಂಡುಕೊಳ್ಳುತ್ತದೆ.

ಮ್ಯಾಂಡ್ರೆಲ್ ತಿರುಗಿಸುವುದು

36 ಮಿ.ಮೀ. ದಪ್ಪ, 90 ಮಿ.ಮೀ. ಉದ್ದದ ಎಂ.ಎಸ್. (ಮೆದು ಉಕ್ಕಿನ) ರಾಡ್ ತೆಗೆದುಕೊಳ್ಳಿ. 40 ಮಿ.ಮೀ. ಚಕ್ ಒಳಗೆ, ಉಳಿದದ್ದು ಹೊರಗೆ. ಬಿಗಿಯಾಗಿ ಹಿಡಿದು ಫೇಸಿಂಗ್ ಮಾಡಿ, ಅಂದರೆ ತುದಿಯ ಮುಖ ಸಮ ಮಾಡಿ. ಮುಂದಿನ 28 ಮಿ.ಮೀ. ಉದ್ದವನ್ನು 25.5ಕ್ಕೆ ಇಳಿಸಿ. ಸದ್ಯ ಇಷ್ಟೇ, ಕೊನೆಯ ಅಳತೆಗೆ ಈಗಲೇ ಕೈ ಹಾಕಬೇಡಿ. ಹಿಂದಿನ ಭಾಗ ಮೆಟ್ಟಿಲಾಗಿ ಉಳಿಯುತ್ತದೆ, ಬುಷ್ ಆನಿಕೊಳ್ಳುವುದು ಅದಕ್ಕೇ. ಆ ಮೆಟ್ಟಿಲಿನ ಮೇಲೆ ತೆಳುವಾಗಿ ಒಂದು ಕಟ್ ತೆಗೆದು ಮುಖವನ್ನೂ ನೆಟ್ಟಗೆ ಮಾಡಿ. ಅದರ ವ್ಯಾಸ ಬುಷ್‌ನ ಕೊನೆಯ ಹೊರ ಅಳತೆಗಿಂತ ಕಡಿಮೆಯೇ ಇರಬೇಕು, ಇಲ್ಲದಿದ್ದರೆ ಟೂಲ್ ಬುಷ್‌ನ ಅಂಚು ದಾಟುವಾಗ ಮೆಟ್ಟಿಲಿಗೆ ಬಡಿಯುತ್ತದೆ. ಮೂಲೆಯಲ್ಲಿ ಒಂದು ಮಿ.ಮೀ. ಅಗಲದ ಸಣ್ಣ ಕಾಲುವೆ ತೆಗೆದರೆ ಬುಷ್‌ನ ಅಂಚು ಮೂಲೆಗೆ ಸಿಕ್ಕಿಹಾಕಿಕೊಳ್ಳದೆ ಪೂರ್ತಿ ಕೂರುತ್ತದೆ.

ಈಗ ಒಳಗಿನ ಕೆಲಸ. ಸೆಂಟರ್ ಡ್ರಿಲ್ ಹಾಕಿ, 6.8 ಮಿ.ಮೀ. ಬಿಟ್‌ನಿಂದ 60 ಮಿ.ಮೀ. ಆಳಕ್ಕೆ ಕೊರೆಯಿರಿ. ಮುಂದಿನ 26 ಮಿ.ಮೀ.ಯನ್ನು 14ಕ್ಕೆ ಅಗಲಿಸಿ. ಹೀಗೆ ಒಳಗನ್ನು ಟೊಳ್ಳು ಮಾಡದಿದ್ದರೆ ಗೋಡೆ ದಪ್ಪಗೆ ಉಳಿದು, ಎಷ್ಟು ಬಿಗಿದರೂ ಹಿಗ್ಗುವುದಿಲ್ಲ. ಆಮೇಲೆ ಹಿಂದೆ ಉಳಿದ 6.8ರ ತೂತಿಗೆ ಎಂ8 ಟ್ಯಾಪ್ ಹಾಕಿ, 25 ಮಿ.ಮೀ. ಉದ್ದಕ್ಕೆ ಥ್ರೆಡ್ ಸಿಕ್ಕರೆ ಸಾಕು. ಥ್ರೆಡ್ ಸೀಳು ಬೀಳುವ ಜಾಗದಿಂದ ಹಿಂದೆ, ಗಟ್ಟಿ ಭಾಗದಲ್ಲಿಯೇ ಇರಬೇಕೆಂಬುದನ್ನು ಮರೆಯಬೇಡಿ.

ಕೊನೆಗೆ ಬಾಯಿಯ ಓರೆ. ಕೋನ್‌ಗೆ ಇಟ್ಟಿದ್ದ ಅದೇ 15 ಡಿಗ್ರಿಯಲ್ಲಿ, ಬೋರಿಂಗ್ ಟೂಲ್‌ನಿಂದ ಬಾಯಿಯನ್ನು 19 ಮಿ.ಮೀ.ಗೆ ಅಗಲಿಸಿ. ಕೋನ್ ಇಟ್ಟು ನೋಡಿದರೆ ಸುಮಾರು ಎರಡು ಮಿ.ಮೀ. ಹೊರಗೆ ನಿಲ್ಲಬೇಕು. ಕೋನ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ಒಳಗಿಟ್ಟು ಸ್ವಲ್ಪ ತಿರುಗಿಸಿ ತೆಗೆಯಿರಿ. ಬಣ್ಣ ಉದ್ದಕ್ಕೂ ಒಂದೇ ಸಮ ಅಳಿಸಿದ್ದರೆ ಎರಡೂ ಓರೆ ಹೊಂದಿವೆ. ಒಂದು ತುದಿಯಲ್ಲಿ ಮಾತ್ರ ಅಳಿಸಿದ್ದರೆ ಸ್ಲೈಡನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಒಂದು ಕಟ್ ತೆಗೆಯಿರಿ.

ಸೀಳು

ಮುಂತುದಿಯಿಂದ 24 ಮಿ.ಮೀ. ದೂರದಲ್ಲಿ, ಒಂದಕ್ಕೊಂದು ಅಡ್ಡವಾಗಿ, 4 ಮಿ.ಮೀ.ಯ ಎರಡು ಆರ್‌ಪಾರ್ ತೂತು ಕೊರೆಯಿರಿ. ನಂತರ ಹ್ಯಾಕ್ಸಾ ಹಿಡಿದು ಮುಂತುದಿಯಿಂದ ಆ ತೂತುಗಳವರೆಗೆ ಒಂದಕ್ಕೊಂದು ಅಡ್ಡವಾಗಿ ಎರಡು ಸೀಳು ಕೊಯ್ದರೆ ನಾಲ್ಕು ಎಸಳು ಸಿಗುತ್ತವೆ. ತೂತು ಬಿಡದೆ ಸೀಳಿದರೆ ಸೀಳಿನ ಚೂಪು ತುದಿಯಲ್ಲೇ ಒತ್ತಡವೆಲ್ಲ ಸೇರಿ, ನಾಲ್ಕಾರು ಸಲ ಬಿಗಿದು ಬಿಟ್ಟ ಮೇಲೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಈ ಕೆಲಸಕ್ಕೆ ರಾಡನ್ನು ಚಕ್‌ನಿಂದ ತೆಗೆಯದೆ ಇರುವುದೇ ಉತ್ತಮ. ಲೇತ್‌ನ ಮೇನ್ ಸ್ವಿಚ್ ಆರಿಸಿ, ಬೆಡ್ ಮೇಲೆ ಬಟ್ಟೆ ಹಾಸಿ, ಅಲ್ಲೇ ಕೊಯ್ಯಿರಿ. ತೆಗೆಯಲೇಬೇಕಾದರೆ ಒಂದನೇ ದವಡೆಗೆ ಎದುರಾಗಿ ರಾಡ್ ಮೇಲೆ ಪಂಚ್ ಗುರುತು ಹಾಕಿ, ಮತ್ತೆ ಅದೇ ಜಾಗಕ್ಕೆ ಕೂರಿಸಿ. ಕೊನೆಯ ಅಳತೆ ಇನ್ನೂ ಬಾಕಿ ಇರುವುದರಿಂದ ಈ ಹಂತದಲ್ಲಿ ತೆಗೆದರೂ ದೊಡ್ಡ ನಷ್ಟವಿಲ್ಲ. ಸೀಳಿನ ಒಳಗೂ ಹೊರಗೂ ಬರ್ ಒಂದಿಷ್ಟೂ ಉಳಿಯದಂತೆ ಸಣ್ಣ ಅರದಿಂದ ಉಜ್ಜಿ. ಒಳಗೆ ಉಳಿದ ಬರ್ ಕೋನ್‌ನ ದಾರಿ ತಪ್ಪಿಸುತ್ತದೆ.

ಬಿಗಿದಿಟ್ಟೇ ಕೊನೆಯ ಕಟ್

ಇಡೀ ಕೆಲಸದ ಜೀವ ಇಲ್ಲಿದೆ. ಇಷ್ಟು ಹೊತ್ತು ಮಾಡಿದ್ದೆಲ್ಲ ಸರಿಯಿದ್ದು ಇದೊಂದು ತಪ್ಪಿದರೂ ಮ್ಯಾಂಡ್ರೆಲ್ ಕೆಲಸಕ್ಕೆ ಬಾರದು.

ಎಸಳುಗಳು ಬುಡದಲ್ಲಿ ಅಂಟಿಕೊಂಡು ತುದಿಯಲ್ಲಿ ಬಿಚ್ಚುವಂಥವು. ಸಡಿಲವಾಗಿರುವಾಗ ನೆಟ್ಟಗೆ ತಿರುಗಿಸಿದ ಮ್ಯಾಂಡ್ರೆಲ್ ಬಿಗಿದಾಗ ಬಾಯಿ ಅಗಲಿಸುತ್ತದೆ. ಬುಷ್‌ನ ಹೊರಬಾಯಿಯನ್ನು ಮಾತ್ರ ಕಚ್ಚಿ, ಒಳಗಡೆ ಖಾಲಿ ಬಿಡುತ್ತದೆ. ಹಾಗೆ ಹಿಡಿದ ಬುಷ್ ಟೂಲ್ ತಾಗಿದ ಕ್ಷಣ ಅಲುಗಾಡುತ್ತದೆ, ಮೈಯೆಲ್ಲ ಚಾಟರ್ (ನಡುಕದ) ಗೆರೆ ಬೀಳುತ್ತದೆ. ನಮಗೆ ಬೇಕಾದ ದುಂಡಗಿನ ನೇರ ಆಕಾರ ಹಿಡಿದಿರುವ ಹೊತ್ತಿನದು, ಸಡಿಲ ಬಿಟ್ಟ ಹೊತ್ತಿನದಲ್ಲ.

ಆದ್ದರಿಂದ ಕೋನ್ ಇಟ್ಟು, 45 ಮಿ.ಮೀ. ಉದ್ದದ ಎಂ8 ಬೋಲ್ಟ್ ಹಾಕಿ, ಕೋನ್ ತಾಗಿದ ಮೇಲೆ ಇನ್ನೊಂದಿಷ್ಟು ಬಿಗಿಯಿರಿ. ಎಷ್ಟು? ಲೆಕ್ಕ ಸುಲಭ. ಎಂ8 ಬೋಲ್ಟ್ ಒಂದು ಸುತ್ತಿಗೆ 1.25 ಮಿ.ಮೀ. ಮುಂದೆ ಹೋಗುತ್ತದೆ. 15 ಡಿಗ್ರಿ ಓರೆಯಲ್ಲಿ ಅಷ್ಟು ಚಲನೆಗೆ ವ್ಯಾಸ ಸುಮಾರು 0.67 ಮಿ.ಮೀ. ಹಿಗ್ಗುತ್ತದೆ. ನಮಗೆ 0.1 ಮಿ.ಮೀ. ಸಾಕು, ಅಂದರೆ ಅಲೆನ್ ಕೀ ಸುಮಾರು 55 ಡಿಗ್ರಿ ತಿರುಗಿದರೆ ಆಯಿತು. ಬೋಲ್ಟ್ ಸ್ವಲ್ಪ ಹಿಗ್ಗುವುದು, ಕೋನ್ ಅದುಮಿ ಕೂರುವುದು ಇವೆಲ್ಲ ಸೇರಿ ನಿಜವಾಗಿ ಸಿಗುವುದು ಇದಕ್ಕಿಂತ ಕಡಿಮೆ. ಎಸಳಿನ ಮೇಲೆ ಡಯಲ್ ಇಟ್ಟರೆ ಸತ್ಯ ಕಣ್ಣೆದುರೇ ಇರುತ್ತದೆ: ಒಂದು ಎಸಳು 0.05 ಮೇಲೆದ್ದರೆ ವ್ಯಾಸ 0.1 ಹಿಗ್ಗಿದೆ ಎಂದರ್ಥ.

ಹೀಗೆ ಬಿಗಿದ ಸ್ಥಿತಿಯಲ್ಲೇ, ಹರಿತವಾದ ಟೂಲ್‌ನಿಂದ 0.1 ಮಿ.ಮೀ. ಮೀರದ ಸಣ್ಣ ಕಟ್‌ಗಳಲ್ಲಿ, ಬೋರ್‌ಗಿಂತ 0.02 ಮಿ.ಮೀ. ಕಡಿಮೆ ಬರುವವರೆಗೆ ತಿರುಗಿಸಿ. ಸೀಳುಗಳಿಂದಾಗಿ ಟೂಲ್ ಸುತ್ತಿಗೆ ನಾಲ್ಕು ಸಲ ಗಾಳಿಗೆ ಬಿದ್ದು ಮತ್ತೆ ಲೋಹ ತಾಗುತ್ತದೆ. ಟಕ್ ಟಕ್ ಸದ್ದಿಗೆ ಗಾಬರಿಯಾಗದೆ ಫೀಡ್ ನಿಧಾನ ಇಡಿ. ಮೈ ನಯ ಮಾಡಲೆಂದು ಎಮರಿ ಪಟ್ಟಿಯನ್ನು ಬೆರಳಿಗೆ ಸುತ್ತಿ ಹಿಡಿಯುವುದು ಇಲ್ಲಿ ಬೇಡವೇ ಬೇಡ. ತಿರುಗುವ ಸೀಳು ಬೆರಳನ್ನು ಎಳೆದುಕೊಂಡೀತು.

ಬೋಲ್ಟ್ ಸಡಿಲಿಸಿದಾಗ ಎಸಳುಗಳು ಒಳಕ್ಕೆ ಬರುತ್ತವೆ, ಬುಷ್ ಸಲೀಸಾಗಿ ಏರುತ್ತದೆ. ಬಿಗಿದಾಗ ತಿರುಗಿಸಿದ ಆಕಾರಕ್ಕೇ ಮರಳಿ, ಇನ್ನೊಂದು ಕೂದಲೆಳೆ ಹಿಗ್ಗಿ, ಉದ್ದಕ್ಕೂ ಹಿಡಿಯುತ್ತವೆ.

ಬುಷ್ ಏರಿಸಿ ಕೆಲಸ

ಎರಡೂ ಮೈ ಒರೆಸಿ. ಒಂದು ಚೂರು ಸಿಕ್ಕಿಕೊಂಡರೂ ಇಷ್ಟೊತ್ತಿನ ನಿಖರತೆ ಹೋಯಿತು. ಕೋನ್ ಮೇಲೆ ಎಣ್ಣೆಯ ಒಂದು ತೆಳು ಪಸೆ ಇರಲಿ, ಬುಷ್ ಕೂರುವ ಹೊರಮೈ ಮಾತ್ರ ಒಣಗಿರಲಿ. ಹಿಡಿತ ನಿಂತಿರುವುದೇ ಘರ್ಷಣೆಯ ಮೇಲೆ. ಬುಷ್ ಅನ್ನು ಮೆಟ್ಟಿಲಿಗೆ ಒತ್ತಿ ಹಿಡಿದು ಬೋಲ್ಟ್ ಬಿಗಿಯಿರಿ, ಅಲೆನ್ ಕೀ ತೆಗೆದು ಪಕ್ಕಕ್ಕಿಡಿ. ಮೊದಲ ಬುಷ್‌ನ ಹೊರಮೈಯನ್ನು ಡಯಲ್‌ನಲ್ಲಿ ನೋಡುವುದರಿಂದ ಏನೂ ತಿಳಿಯದು, ಅದಿನ್ನೂ ಕಚ್ಚಾ. ತಿರುಗಿಸಿ ಮುಗಿಸಿ, ಬುಷ್ ಇಳಿಸಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಏರಿಸಿ ಡಯಲ್ ಹಿಡಿಯಿರಿ. 0.01-0.02ರೊಳಗೆ ಬಂದರೆ ಮ್ಯಾಂಡ್ರೆಲ್ ಸರಿಯಾಗಿದೆ.

ಕಟ್ ಯಾವಾಗಲೂ ಹೆಡ್‌ಸ್ಟಾಕ್, ಅಂದರೆ ಚಕ್ ಇರುವ ಕಡೆಗೇ ಸಾಗಲಿ. ಟೂಲ್‌ನ ಒತ್ತಡ ಬುಷ್ ಅನ್ನು ಮೆಟ್ಟಿಲಿಗೆ ಇನ್ನಷ್ಟು ಆನಿಸುತ್ತದೆ. ಎದುರು ದಿಕ್ಕಿನಲ್ಲಿ ಎಳೆದರೆ ಕಳಚಿ ಬರುವ ಅಪಾಯವಿದೆ. ಬೋರ್ ಚಿಕ್ಕದು, ಹೊರ ವ್ಯಾಸ ದೊಡ್ಡದು ಎಂಬಂಥ ವಸ್ತುವಿಗೆ ಕಟ್ ಇನ್ನೂ ಹಗುರ ಮಾಡಿ. ಹಿಡಿತ ಕೇಂದ್ರಕ್ಕೆ ಹತ್ತಿರ, ಟೂಲ್‌ನ ಬಲ ದೂರ ಇದ್ದಷ್ಟೂ ಬುಷ್ ಜಾರುವುದು ಸುಲಭ.

ಇಳಿಸುವಾಗ ಬೋಲ್ಟ್ ಒಂದು ಸುತ್ತು ಸಡಿಲಿಸಿ. ಕೋನ್ ಬಿಡುತ್ತದೆ, ಬುಷ್ ಕೈಗೆ ಬರುತ್ತದೆ.

ಗೋಡೆ ತೆಳುವಾಗಿದ್ದರೆ, ಬುಷ್ ಉದ್ದವಾಗಿದ್ದರೆ

ಎರಡು ಮಿ.ಮೀ. ದಪ್ಪದ ರಿಂಗ್‌ಗೆ ನಾಲ್ಕು ಎಸಳು ಒರಟಾಯಿತು. ಆರು ಅಥವಾ ಎಂಟು ಸೀಳು ಮಾಡಿ, ಬೋಲ್ಟ್ ಕೈಬಿಗಿಗಿಂತ ತುಸು ಹೆಚ್ಚು ಮಾತ್ರ ಬಿಗಿಯಿರಿ. ಉದ್ದನೆಯ ಬುಷ್‌ಗೆ ಒಂದೇ ಕಡೆ ಬಿಚ್ಚುವ ಮ್ಯಾಂಡ್ರೆಲ್ ಸಾಲದು. ಅದಕ್ಕೆ ಎರಡೂ ತುದಿಯಿಂದ ಒಂದು ಬಿಟ್ಟು ಒಂದರಂತೆ ಸೀಳಿದ ಸ್ಲೀವ್ ಬೇಕು. ಓರೆಯಿರುವ ಶಾಫ್ಟ್ ಮೇಲೆ ಅದನ್ನು ಬಡಿದೇರಿಸಿದರೆ ಉದ್ದಕ್ಕೂ ಸಮನಾಗಿ ಹಿಗ್ಗುತ್ತದೆ. ಶಾಫ್ಟ್ ಅನ್ನು ಎರಡು ಸೆಂಟರ್ ನಡುವೆ ಹಿಡಿದು ಕೆಲಸ ಮಾಡಬಹುದು. ಇಂಥವು ಸಿದ್ಧವಾಗಿಯೂ ಸಿಗುತ್ತವೆ. ಹೈಡ್ರಾಲಿಕ್ ಮ್ಯಾಂಡ್ರೆಲ್ ಇನ್ನೂ ನಿಖರ: ತೆಳು ಲೋಹದ ಕವಚದ ಹಿಂದೆ ಎಣ್ಣೆಯ ಒತ್ತಡ ಏರಿಸಿ ಹಿಗ್ಗಿಸುವುದು ಅದರ ಕ್ರಮ. ಹಿಗ್ಗುವುದು ಬಹಳ ಕಡಿಮೆ, ಆದ್ದರಿಂದ ಬೋರ್ ಅಳತೆ ಪಕ್ಕಾ ಇರಬೇಕು. ಮೇಲೆ ವಸ್ತು ಇಲ್ಲದೆ ಅದನ್ನು ಎಂದೂ ಬಿಗಿಯಬೇಡಿ, ಕವಚ ಮಿತಿ ಮೀರಿ ಉಬ್ಬಿ ಶಾಶ್ವತವಾಗಿ ಕೆಡಬಹುದು.

ಪಾಲಿಶ್, ಬಣ್ಣದಂಥ ಹಗುರ ಕೆಲಸಕ್ಕೆ ಇಷ್ಟೆಲ್ಲ ಬೇಡ. ಎರಡು ವಾಷರ್ ನಡುವೆ ದಪ್ಪ ರಬ್ಬರ್ ಬುಷ್ ಇಟ್ಟು ನಟ್ ಬಿಗಿದರೆ ರಬ್ಬರ್ ಉದ್ದದಲ್ಲಿ ಕುಗ್ಗಿ ಅಗಲದಲ್ಲಿ ಉಬ್ಬುತ್ತದೆ. ಹಿಡಿತ ಚೆನ್ನಾಗಿಯೇ ಇರುತ್ತದೆ, ಕೇಂದ್ರ ಮಾತ್ರ ನಂಬುವಂತಿಲ್ಲ.

ಕೆಲಸ ಮುಗಿದ ಮ್ಯಾಂಡ್ರೆಲ್‌ಗೆ ಎಣ್ಣೆ ಸವರಿ, ಕೋನ್ ಮತ್ತು ಬೋಲ್ಟ್ ಜೊತೆಗೇ ಸಡಿಲವಾಗಿ ಹಾಕಿ, ಮೆಟ್ಟಿಲಿನ ಮೇಲೆ ವ್ಯಾಸದ ಅಂಕಿ ಪಂಚ್ ಮಾಡಿಡಿ. ಮುಂದೆ 24.5 ಮಿ.ಮೀ. ಬೋರ್‌ನ ಬುಷ್ ಬಂದರೆ ಇದನ್ನೇ ಚಕ್‌ಗೆ ಏರಿಸಿ, ಮತ್ತೆ ಬಿಗಿದಿಟ್ಟು ಒಂದು ಪಟ್ಟು ತಿರುಗಿಸಿಕೊಳ್ಳಬಹುದು. ಅದೇ 25ರ ಬುಷ್ ಮತ್ತೆ ಬಂದಾಗ ಚಕ್‌ನ ಓಲಾಟ ಸೇರಿಕೊಳ್ಳುವುದರಿಂದ, ಹಳೆಯ ಅಳತೆಯನ್ನು ನಂಬದೆ ಡಯಲ್ ಹಿಡಿದು ನೋಡಿಯೇ ಮುಂದುವರಿಯಿರಿ.