ಎಂಟನೇ ಲೇನಿನಿಂದ ನಾನೂರು ಮೀಟರ್

2016ರ ಆಗಸ್ಟ್ 15ರ ಬೆಳಗ್ಗೆ, ಧ್ವಜವಂದನೆಗೆ ಹೊರಡುವ ಮುನ್ನ, ಧಾರವಾಡದ ನಮ್ಮ ಹಾಸ್ಟೆಲಿನ ಟಿವಿಯಲ್ಲಿ ರಿಯೊ ಒಲಿಂಪಿಕ್ಸ್‌ನ ಪುರುಷರ 400 ಮೀಟರ್ ಫೈನಲ್ ನೋಡಿದೆ. ದಕ್ಷಿಣ ಆಫ್ರಿಕಾದ ವೇಯ್ಡ್ ವ್ಯಾನ್ ನಿಕರ್ಕ್ ಎಂಟನೇ ಲೇನಿನಲ್ಲಿ ಓಡಿ, 1999ರಲ್ಲಿ ಮೈಕೆಲ್ ಜಾನ್ಸನ್ ಬರೆದಿದ್ದ 43.18 ಸೆಕೆಂಡುಗಳ ವಿಶ್ವದಾಖಲೆಯನ್ನು 43.03ಕ್ಕೆ ಇಳಿಸಿದರು. ಹಿಂದಿನ ಎರಡು ಒಲಿಂಪಿಕ್ಸ್‌ಗಳ ಚಿನ್ನ ಗೆದ್ದಿದ್ದ ಲಾಶಾನ್ ಮೆರಿಟ್ ಮತ್ತು ಕಿರಾನಿ ಜೇಮ್ಸ್ ಇಬ್ಬರೂ ಒಳಗಿನ ಲೇನುಗಳಲ್ಲಿ ಹಿಂದಿನಿಂದ ಹೊರಟಿದ್ದರಿಂದ, ಓಟದ ಬಹುಭಾಗ ವ್ಯಾನ್ ನಿಕರ್ಕ್ ಅವರ ಕಣ್ಣಿಗೆ ಯಾರೂ ಬಿದ್ದಿರಲಾರರು.

ಅದು ನನ್ನನ್ನು ಅಷ್ಟು ತಟ್ಟಲು ಕಾರಣವಿತ್ತು. ಹಿಂದಿನ ವರ್ಷ ಅಂತರ ಕಾಲೇಜು ಕೂಟದಲ್ಲಿ ನನಗೂ ಅದೇ ಲೇನ್ ಬಂದಾಗ, ಹಿರಿಯ ಓಟಗಾರರೊಬ್ಬರು, "ತಮ್ಮಾ, ಎಂಟನೇ ಲೇನ್ ಅಂದ್ರ ಕಣ್ಣು ಕಟ್ಟಿ ಓಡಿದಂಗ" ಎಂದಿದ್ದರು. ಹೊರಗಿನ ಲೇನಿನ ತಿರುವು ಉದ್ದವಾದ್ದರಿಂದ ಒಂದನೇ ಲೇನಿನವನಿಗಿಂತ ಸುಮಾರು 53 ಮೀಟರ್ ಮುಂದೆ ನಿಂತು ಹೊರಟ ನಾನು, ಹಿಂದಿನವರ ಹೆಜ್ಜೆ ಸಪ್ಪಳಕ್ಕೆ ಬೆದರಿ ಮೊದಲ ಅರ್ಧದಲ್ಲೇ ಶಕ್ತಿಯನ್ನೆಲ್ಲ ಸುರಿದು, ಕೊನೆಯ ನೇರ ದಾರಿಯಲ್ಲಿ ಕಾಲು ಕಟ್ಟಿದಂತಾಗಿ ಆರನೆಯವನಾದೆ.

ರಿಯೊ ಓಟದ ನಂತರ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಬೇಕೆಂದೇ ಹೊರಗಿನ ಲೇನಿನಲ್ಲಿ ಅಭ್ಯಾಸ ಆರಂಭಿಸಿದೆ. ಎಂಟನೇ ಲೇನಿನ ಅರ್ಧ ದಾರಿ ಎಂದರೆ ಅದೇ ಲೇನಿನ 200 ಮೀಟರ್ ಓಟ ಹೊರಡುವ ಗೆರೆ. ಅದು ಎರಡನೇ ತಿರುವಿನ ಒಳಗೆ ಬರುತ್ತದೆ. ಮೊದಲು ನಾನು ತಿರುವು ಶುರುವಾಗುವುದನ್ನೇ ಅರ್ಧವೆಂದು ತಿಳಿದಿದ್ದೆ, ಲೆಕ್ಕ ತಪ್ಪುತ್ತಿದ್ದುದು ಅಲ್ಲಿಯೇ. ಆ ಗೆರೆಯ ಬಳಿ ಗೆಳೆಯ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದ. ಗುರಿ 24.5 ಸೆಕೆಂಡು. ಅವನು ಗಡಿಯಾರ ತೋರಿಸುವ ಮೊದಲು ನನ್ನ ಸಮಯವನ್ನು ನಾನೇ ಹೇಳಬೇಕೆಂಬುದು ನಮ್ಮ ಕಟ್ಟುನಿಟ್ಟಿನ ನಿಯಮವಾಗಿತ್ತು. ಮೊದಮೊದಲು ಒಂದು ಸೆಕೆಂಡಿನವರೆಗೆ ತಪ್ಪುತ್ತಿದ್ದ ನನ್ನ ಊಹೆ, ಎರಡು ತಿಂಗಳ ಹೊತ್ತಿಗೆ ಒಂದೆರಡು ದಶಾಂಶಕ್ಕೆ ಇಳಿಯಿತು. ಹೊರಗಿನ ಲೇನಿನ ತಿರುವು ಅಷ್ಟು ಬಿಗಿಯಲ್ಲದ ಕಾರಣ ಮೈ ವಾಲಿಸುವ ಶ್ರಮ ಕಡಿಮೆ ಎಂಬುದೂ ಆಗಲೇ ತಿಳಿಯಿತು; ಆ ಲೇನಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿಂದ.

ಆ ವರ್ಷದ ಕೂಟದಲ್ಲಿ ಮತ್ತೆ ಎಂಟನೇ ಲೇನ್ ಬಂತು. ತಿರುವಿನಲ್ಲಿ ಹೆಜ್ಜೆ ಸಪ್ಪಳ ಕೇಳಿದರೂ ಲಯ ಬಿಡದೆ ಓಡಿ, 50.6 ಸೆಕೆಂಡುಗಳಲ್ಲಿ ಎರಡನೆಯವನಾದೆ. 250ರಿಂದ 350 ಮೀಟರಿನ ನಡುವೆ ಮಾತ್ರ ಇನ್ನೂ ಸಡಿಲವಾಗುತ್ತಿದ್ದೆ. ಮರುವಾರದಿಂದ ಅಭ್ಯಾಸಕ್ಕೆ 300 ಮೀಟರಿನ ಓಟಗಳನ್ನು ಸೇರಿಸಿಕೊಂಡೆ.