ಚರ್ಮರೋಗದ ‘ಹೊಸ ಸಂಶೋಧನೆ’ ಸುದ್ದಿ ಬಂತೇ? ನಂಬುವ ಮುನ್ನ ಹೀಗೆ ಓದಿ

ಮನೆಯಲ್ಲಿ ಒಬ್ಬರಿಗೆ ಸೋರಿಯಾಸಿಸ್ಸೋ ಇಸುಬೋ ಇದ್ದರೆ ಸಾಕು, ಸಂಶೋಧನೆಯ ಸುದ್ದಿಗಳು ತಾವಾಗಿಯೇ ಮೊಬೈಲಿಗೆ ಬಂದು ಬೀಳುತ್ತವೆ. ‘ಹೊಸ ಮುಲಾಮು ಕಂಡುಹಿಡಿದರಂತೆ’, ‘ಇನ್ನು ಇಸುಬು ಇರುವುದೇ ಇಲ್ಲವಂತೆ’. ವರ್ಷಗಟ್ಟಲೆ ತುರಿಕೆಯಿಂದ ನಿದ್ದೆಗೆಟ್ಟವರಲ್ಲಿ ಆಸೆ ಚಿಗುರಲು ಅಂಥ ಒಂದು ಸಾಲು ಸಾಕಾಗುತ್ತದೆ.

ಆ ಆಸೆಗೆ ಆಧಾರವಿಲ್ಲ ಎನ್ನಲಾಗದು. ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದರೆ ಇಸುಬು ಬರುವ ಸಾಧ್ಯತೆ ಹೆಚ್ಚು ಎಂಬುದು 2006ರಲ್ಲಿ ಗೊತ್ತಾಯಿತು. ಸೋರಿಯಾಸಿಸ್‌ನ ಉರಿಯೂತವನ್ನು ಕೆರಳಿಸುವ ಇಂಟರ್‌ಲ್ಯೂಕಿನ್-17 ಎಂಬ ಪ್ರೋಟೀನನ್ನು ತಡೆಯುವ ಮೊದಲ ಚುಚ್ಚುಮದ್ದು ಸೆಕುಕಿನುಮ್ಯಾಬ್‌ಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ತೀವ್ರ ಇಸುಬಿಗೆ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದು 2017ರಲ್ಲಿ ಬಂತು. ಆದರೆ ಗಟ್ಟಿ ಸಂಶೋಧನೆಯೂ ಜೊಳ್ಳು ಸಂಶೋಧನೆಯೂ ಒಂದೇ ಬಗೆಯ ತಲೆಬರಹ ಹೊತ್ತು ಬರುತ್ತವೆ. ಅವನ್ನು ಬೇರ್ಪಡಿಸಿ ನೋಡುವುದನ್ನು ವೈದ್ಯಕೀಯ ಓದದವರೂ ಕಲಿಯಬಹುದು.

ಮೊದಲು ಮೂಲ ಹುಡುಕಿ

ಸುದ್ದಿಯಲ್ಲಿ ಯಾವ ವೈದ್ಯಕೀಯ ಪತ್ರಿಕೆಯಲ್ಲಿ, ಯಾವ ವರ್ಷ ಪ್ರಬಂಧ ಬಂತು ಎಂದು ಇದೆಯೇ ನೋಡಿ. ಇದ್ದರೆ ಪಬ್‌ಮೆಡ್ ಎಂಬ ಉಚಿತ ಜಾಲತಾಣದಲ್ಲಿ ಔಷಧದ ಹೆಸರು, ಕಾಯಿಲೆಯ ಹೆಸರು ಕೊಟ್ಟು ಹುಡುಕಿದರೆ ಪ್ರಬಂಧದ ಸಾರಾಂಶ ಸಿಗುತ್ತದೆ. ಬಹಳಷ್ಟು ಸಲ ಆ ಒಂದು ಪುಟವೇ ಸಾಕು. ಪ್ರಬಂಧದ ಸುಳಿವೇ ಇಲ್ಲದೆ ‘ವಿಜ್ಞಾನಿಗಳು ಹೇಳುತ್ತಾರೆ’ ಎಂದಷ್ಟೇ ಇದ್ದರೆ, ಅಥವಾ ಮಾರುವ ಕಂಪನಿಯ ಹೇಳಿಕೆ ಮಾತ್ರ ಇದ್ದರೆ ಅದನ್ನು ಅಲ್ಲಿಗೇ ಬಿಡಿ.

ಪ್ರಯೋಗ ನಡೆದದ್ದು ಯಾರ ಮೇಲೆ?

ಸಾರಾಂಶದಲ್ಲಿ ಇಲಿ ಕಾಣಿಸಿತೋ, ಅಲ್ಲಿ ಸ್ವಲ್ಪ ನಿಲ್ಲಿ. ಇಲಿಗಳಿಗೆ ಸೋರಿಯಾಸಿಸ್ ತಾನಾಗಿ ಬರುವುದಿಲ್ಲ. 2009ರಲ್ಲಿ ಬಳಕೆಗೆ ಬಂದ ಒಂದು ವಿಧಾನದಲ್ಲಿ ಇಲಿಯ ಬೆನ್ನಿನ ಕೂದಲು ಬೋಳಿಸಿ, ಇಮಿಕ್ವಿಮಾಡ್ ಎಂಬ ಕ್ರೀಮನ್ನು ಕೆಲವು ದಿನ ಸತತವಾಗಿ ಹಚ್ಚುತ್ತಾರೆ. ಚರ್ಮ ಕೆಂಪಾಗಿ, ದಪ್ಪವಾಗಿ, ಹೊಟ್ಟು ಏಳುತ್ತದೆ. ಅದರ ಮೇಲೆ ಹೊಸ ಔಷಧ ಹಚ್ಚಿ ನೋಡುತ್ತಾರೆ. ರೋಗದ ಒಳಗುಟ್ಟು ತಿಳಿಯಲು ಇದು ಉಪಯುಕ್ತ. ಆದರೆ ಒಂದು ವಾರದಲ್ಲಿ ಬರಿಸಿದ ಉರಿಯೂತವೂ ಮನುಷ್ಯನಲ್ಲಿ ಹತ್ತಾರು ವರ್ಷ ಬೇರುಬಿಟ್ಟ ಕಾಯಿಲೆಯೂ ಒಂದೇ ಅಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಚರ್ಮಕೋಶಗಳ ಮೇಲೆ ಕಂಡ ಫಲಿತಾಂಶಕ್ಕೂ ಇದೇ ಮಾತು ಸಲ್ಲುತ್ತದೆ. ಇಂಥ ಸುದ್ದಿಯನ್ನು ಸಂತೋಷದಿಂದ ಓದಿ. ಅದನ್ನು ನೆಚ್ಚಿ ಔಷಧ ಬದಲಿಸಬೇಡಿ.

ಮನುಷ್ಯರ ಮೇಲೆ ನಡೆದಿದ್ದರೆ, ಅವರು ನಿಮ್ಮಂಥವರೇ ಎಂದು ಕೇಳಿಕೊಳ್ಳಿ. ವಯಸ್ಸು ಎಷ್ಟು, ಕಾಯಿಲೆ ಎಷ್ಟು ತೀವ್ರ, ಗರ್ಭಿಣಿಯರನ್ನು ಸೇರಿಸಿಕೊಂಡಿದ್ದರೇ (ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ). ಚರ್ಮದ ಬಣ್ಣವನ್ನೂ ಗಮನಿಸಿ. ಬಿಳಿ ಚರ್ಮದ ಮೇಲೆ ಎದ್ದು ಕಾಣುವ ಕೆಂಪು ಬಣ್ಣವೇ ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದ ಮೇಲೆ ನೇರಳೆಯಾಗಿಯೋ ಕಂದಾಗಿಯೋ ಬೂದಾಗಿಯೋ ಕಾಣುತ್ತದೆ. ಅನೇಕ ದೊಡ್ಡ ಪ್ರಯೋಗಗಳಲ್ಲಿ ಭಾಗವಹಿಸಿದವರಲ್ಲಿ ಹೆಚ್ಚಿನವರು ಬಿಳಿಯರೇ. ಕೆಂಪನ್ನು ನೋಡಿ ಅಂಕ ಕೊಡುವ ಪದ್ಧತಿಯಲ್ಲಿ ಕಪ್ಪು ಚರ್ಮದವರ ಕಾಯಿಲೆ ಇದ್ದುದಕ್ಕಿಂತ ಸೌಮ್ಯವೆಂದು ದಾಖಲಾಗುವ ಅಪಾಯವಿದೆ. ವಾಸಿಯಾದ ಮೇಲೂ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಯನ್ನು ಆ ಅಂಕಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಲೆಯಿಂದ ನೊಂದವರಿಗೆ ಗೊತ್ತು, ಅದು ಸಣ್ಣ ವಿಷಯವಲ್ಲ.

ಹೋಲಿಸಿದ್ದು ಯಾವುದರ ಜೊತೆ?

ಒಂದೇ ಒಂದು ಪ್ರಶ್ನೆ ಕೇಳುವಷ್ಟು ಪುರುಸೊತ್ತಿದ್ದರೆ ಇದನ್ನೇ ಕೇಳಿ. ಯಾಕೆಂಬುದನ್ನು ಒಂದು ನಿಜವಾದ ಪ್ರಯೋಗದಿಂದಲೇ ನೋಡೋಣ.

ಗಡಸು ನೀರಿರುವ ಕಡೆ ಮಕ್ಕಳಲ್ಲಿ ಇಸುಬು ಹೆಚ್ಚು ಎಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಭಾಗದ ಶಾಲಾಮಕ್ಕಳ ಅಧ್ಯಯನವೊಂದು 1998ರಲ್ಲಿ ಹೇಳಿತ್ತು. ಹಾಗಾದರೆ ನೀರನ್ನು ಮೆದುಗೊಳಿಸಿದರೆ ಇಸುಬು ಕಡಿಮೆಯಾಗಬೇಕಲ್ಲವೇ? ಯಾರಿಗಾದರೂ ಹೊಳೆಯುವ ಯೋಚನೆ ಇದು. ಅದನ್ನು ಪರೀಕ್ಷಿಸಲು ಗಡಸು ನೀರಿನ ಊರುಗಳ, ಇಸುಬು ಇದ್ದ 336 ಮಕ್ಕಳನ್ನು ಆರಿಸಿ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗಳಿಗೆ ನೀರು ಮೆದುಗೊಳಿಸುವ ಯಂತ್ರ ಕೂರಿಸಿದರು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. ಹನ್ನೆರಡು ವಾರಗಳ ನಂತರ, ಯಾರ ಮನೆಯಲ್ಲಿ ಯಂತ್ರವಿದೆ ಎಂಬುದು ಗೊತ್ತಿಲ್ಲದ ನರ್ಸ್‌ಗಳು ಮಕ್ಕಳ ಚರ್ಮ ನೋಡಿ ಅಂಕ ಹಾಕಿದರು.

2011ರಲ್ಲಿ ಪ್ರಕಟವಾದ ಫಲಿತಾಂಶ ಇದು: ಯಂತ್ರವಿದ್ದ ಮಕ್ಕಳ ಇಸುಬು ಸುಮಾರು ಶೇ 20ರಷ್ಟು ತಗ್ಗಿತ್ತು. ಯಂತ್ರವಿಲ್ಲದ ಮಕ್ಕಳಲ್ಲಿ? ಸುಮಾರು ಶೇ 22ರಷ್ಟು.

ಎರಡನೇ ಗುಂಪೇ ಇರದಿದ್ದರೆ ‘ಯಂತ್ರದಿಂದ ಶೇ 20ರಷ್ಟು ಗುಣ’ ಎಂದು ಊರಿಡೀ ಡಂಗುರವಾಗುತ್ತಿತ್ತು. ಇಸುಬಿನ ಗುಣವೇ ಅದು, ಏರುತ್ತದೆ, ಇಳಿಯುತ್ತದೆ. ಕಾಯಿಲೆ ಉಲ್ಬಣಿಸಿದಾಗಲೇ ಜನ ಹೊಸ ಚಿಕಿತ್ಸೆ ಹುಡುಕಿಕೊಂಡು ಬರುತ್ತಾರೆ, ಆಮೇಲೆ ಅದು ಇಳಿಯುವುದು ಹೇಗೂ ಇದ್ದದ್ದೇ. ಜೊತೆಗೆ ಪ್ರಯೋಗಕ್ಕೆ ಸೇರಿದವರು ತೇವಕಾರಕ ಹಚ್ಚುವುದನ್ನೂ ಔಷಧ ಬಳಸುವುದನ್ನೂ ಹೆಚ್ಚು ಮುತುವರ್ಜಿಯಿಂದ ಮಾಡಬಹುದು. ಈ ಎಲ್ಲದರ ಲಾಭ ಎರಡೂ ಗುಂಪಿಗೆ ಸಮನಾಗಿ ಸಿಗುತ್ತದೆ. ಆದ್ದರಿಂದ ಚಿಕಿತ್ಸೆಯ ಪಾಲು ಎಷ್ಟು ಎಂಬುದು ಎರಡರ ನಡುವಿನ ವ್ಯತ್ಯಾಸದಲ್ಲಿ ಮಾತ್ರ ಗೊತ್ತಾಗುತ್ತದೆ.

ಇದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯಿದೆ. ತಂದೆತಾಯಿಯರೇ ಕೊಟ್ಟ ಕೆಲವು ಅಂಕಗಳಲ್ಲಿ ಯಂತ್ರದ ಕಡೆಗೆ ಸಣ್ಣ ಲಾಭ ಕಂಡಿತು. ಅವರೇನೂ ಸುಳ್ಳು ಹೇಳಿದವರಲ್ಲ. ಮನೆಯಲ್ಲಿ ಯಂತ್ರ ಇರುವುದು ಕಣ್ಣಿಗೇ ಕಾಣುತ್ತದೆ, ಮಗುವಿಗೆ ಒಳ್ಳೆಯದಾಗಲಿ ಎಂದು ಮನಸ್ಸು ಹಾರೈಸುತ್ತಿರುತ್ತದೆ. ಅಂಕ ಕೊಡುವವರಿಗೆ ಯಾರು ಯಾವ ಗುಂಪು ಎಂಬುದು ಗೊತ್ತಿರಬಾರದು ಎಂದು ಸಂಶೋಧಕರು ಪಟ್ಟು ಹಿಡಿಯುವುದು ಇದಕ್ಕೇ. ಸಾರಾಂಶದಲ್ಲಿ ‘ರ‍್ಯಾಂಡಮೈಸ್ಡ್’, ‘ಬ್ಲೈಂಡ್’ ಎಂಬ ಎರಡು ಪದಗಳಿಗಾಗಿ ಕಣ್ಣಾಡಿಸಿ. ಚೀಟಿ ಎತ್ತಿದಂತೆ ಗುಂಪು ಮಾಡುವುದು ಮೊದಲನೆಯದು, ಯಾರು ಯಾವ ಗುಂಪು ಎಂಬುದನ್ನು ಮರೆಮಾಡುವುದು ಎರಡನೆಯದು.

‘ಮೊದಲು’ ಮತ್ತು ‘ನಂತರ’ದ ಎರಡು ಫೋಟೊಗಳನ್ನು ಪುರಾವೆ ಎಂದು ತೋರಿಸುವವರಿಗೂ ಇದೇ ಪ್ರಶ್ನೆ ಕೇಳಿ: ಹಚ್ಚದವರ ಫೋಟೊ ಎಲ್ಲಿ?

ಅಂಕ ಬಿಡಿಸಿ ನೋಡಿ

ಸೋರಿಯಾಸಿಸ್ ಪ್ರಬಂಧಗಳಲ್ಲಿ ‘ಪಾಸಿ 75’, ‘ಪಾಸಿ 90’ ಎಂದು ಬರುತ್ತಲೇ ಇರುತ್ತದೆ. ಪಾಸಿ ಎಂದರೆ ಕಾಯಿಲೆಯ ತೀವ್ರತೆಯನ್ನು 0ಯಿಂದ 72ರವರೆಗೆ ಅಳೆಯುವ, 1978ರಿಂದ ಬಳಕೆಯಲ್ಲಿರುವ ಅಂಕ. ದೇಹವನ್ನು ತಲೆ, ಕೈ, ಮುಂಡ, ಕಾಲು ಎಂದು ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲೂ ಕೆಂಪು, ದಪ್ಪ, ಹೊಟ್ಟು ಎಷ್ಟಿದೆ ಎಂದು 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಮೂರನ್ನೂ ಕೂಡಿ, ಆ ಭಾಗದ ಎಷ್ಟು ಚರ್ಮ ಆವರಿಸಿದೆ ಎಂಬುದಕ್ಕೆ ಕೊಟ್ಟ 0–6ರ ಅಂಕದಿಂದ ಗುಣಿಸುತ್ತಾರೆ. ಕೊನೆಗೆ ತಲೆಗೆ 0.1, ಕೈಗಳಿಗೆ 0.2, ಮುಂಡಕ್ಕೆ 0.3, ಕಾಲುಗಳಿಗೆ 0.4ರಿಂದ ಗುಣಿಸಿ ಒಟ್ಟು ಮಾಡುತ್ತಾರೆ.

ಒಬ್ಬರಿಗೆ ಮೊಣಕೈ ಮತ್ತು ಮೊಣಕಾಲಿನ ಮೇಲೆ ಮಾತ್ರ ದಪ್ಪ ಪಟ್ಟೆಗಳಿವೆ ಎಂದುಕೊಳ್ಳಿ. ಕೈಗಳಲ್ಲಿ ಕೆಂಪು 3, ದಪ್ಪ 3, ಹೊಟ್ಟು 2, ಒಟ್ಟು 8. ಆವರಿಸಿದ್ದು ಶೇ 10ಕ್ಕಿಂತ ಕಡಿಮೆ, ಹಾಗಾಗಿ 1. ಎಂಟನ್ನು 0.2ರಿಂದ ಗುಣಿಸಿದರೆ 1.6. ಕಾಲುಗಳದೂ ಅಷ್ಟೇ ತೀವ್ರತೆ, ಗುಣಕ 0.4 ಆದ್ದರಿಂದ 3.2. ಒಟ್ಟು 4.8. ಎಪ್ಪತ್ತೆರಡರಲ್ಲಿ ಐದೂ ಇಲ್ಲ! ಚುಚ್ಚುಮದ್ದುಗಳ ದೊಡ್ಡ ಪ್ರಯೋಗಗಳಿಗೆ ಸೇರಲು ಸಾಮಾನ್ಯವಾಗಿ 12 ಅಥವಾ ಅದಕ್ಕಿಂತ ಹೆಚ್ಚು ಬೇಕು. ಅಂದರೆ ಇವರಂಥವರು ಆ ಪ್ರಯೋಗಗಳಲ್ಲಿ ಇರಲೇ ಇಲ್ಲ. ಆದರೆ ಇವರು ಅರ್ಧ ತೋಳಿನ ಅಂಗಿ ತೊಡಲು ಹಿಂಜರಿಯುತ್ತಿರಬಹುದು, ಮಂಡಿಯೂರಿ ಕೂರಲು ನೋಯುತ್ತಿರಬಹುದು.

ಈ ಕೊರತೆ ತುಂಬಲು ಇನ್ನೊಂದು ಅಳತೆ ಬಂತು. ಕಾರ್ಡಿಫ್‌ನಲ್ಲಿ ರೂಪಿಸಿ 1994ರಲ್ಲಿ ಪ್ರಕಟಿಸಿದ ‘ಡಿಎಲ್‌ಕ್ಯುಐ’ ಹತ್ತು ಪ್ರಶ್ನೆಗಳ ಪಟ್ಟಿ. ಕಳೆದ ಒಂದು ವಾರದಲ್ಲಿ ತುರಿಕೆ, ನೋವು, ಮುಜುಗರ, ಬಟ್ಟೆಯ ಆಯ್ಕೆ, ಕೆಲಸ, ದಾಂಪತ್ಯ ಇವುಗಳ ಮೇಲೆ ಚರ್ಮ ಎಷ್ಟು ಪರಿಣಾಮ ಬೀರಿತು ಎಂದು ರೋಗಿಯನ್ನೇ ಕೇಳುತ್ತದೆ. ಒಟ್ಟು ಅಂಕ 30. ಪ್ರಬಂಧದಲ್ಲಿ ಇಂಥ ಅಳತೆಯೂ ಇದ್ದರೆ ಅದನ್ನು ಮೊದಲು ಓದಿ ಎನ್ನುವುದು ನನ್ನ ಸಲಹೆ. ಪಟ್ಟೆ ಕುಗ್ಗಿತೋ ಇಲ್ಲವೋ ಎಂಬಷ್ಟೇ ಮುಖ್ಯ, ಬದುಕು ಸಲೀಸಾಯಿತೋ ಇಲ್ಲವೋ ಎಂಬುದು.

ಈಗ ಪಾಸಿ 75 ಸುಲಭ. ಆರಂಭದಲ್ಲಿ 20 ಇದ್ದ ಅಂಕ 5ಕ್ಕೆ ಇಳಿದರೆ ಶೇ 75ರಷ್ಟು ಇಳಿಕೆ. ಎರಡಕ್ಕೆ ಇಳಿದರೆ ಪಾಸಿ 90. ‘ಶೇ 60 ಮಂದಿ ಪಾಸಿ 75 ತಲುಪಿದರು’ ಎಂದರೆ ನೂರರಲ್ಲಿ ಅರವತ್ತು ಜನರಿಗೆ ಪೂರ್ತಿ ವಾಸಿಯಾಯಿತು ಎಂದಲ್ಲ, ಅಷ್ಟು ಜನರಿಗೆ ಕನಿಷ್ಠ ಮುಕ್ಕಾಲು ಪಾಲು ತಗ್ಗಿತು ಎಂದು.

ಕಳೆಯುವ ಲೆಕ್ಕ ಮಾಡಿ

ಡುಪಿಲುಮ್ಯಾಬ್‌ನ ಎರಡು ದೊಡ್ಡ ಪ್ರಯೋಗಗಳು 2016ರಲ್ಲಿ ಪ್ರಕಟವಾದವು. ಅವುಗಳಲ್ಲಿ ಮೊದಲನೆಯದರಲ್ಲಿ, ಎರಡು ವಾರಕ್ಕೊಮ್ಮೆ ಔಷಧ ಪಡೆದವರಲ್ಲಿ ಶೇ 38 ಮಂದಿಯ ಚರ್ಮ ಹದಿನಾರು ವಾರಗಳಲ್ಲಿ ಪೂರ್ತಿ ಅಥವಾ ಹೆಚ್ಚುಕಡಿಮೆ ತಿಳಿಯಾಗಿತ್ತು. ಔಷಧವಿಲ್ಲದ ಹುಸಿ ಚುಚ್ಚುಮದ್ದು ಪಡೆದವರಲ್ಲಿ ಅದು ಶೇ 10. ಕಳೆದರೆ 28. ನೂರು ಜನರಿಗೆ ಕೊಟ್ಟರೆ ಸುಮಾರು 28 ಮಂದಿ ಆ ಔಷಧದ ದೆಸೆಯಿಂದಲೇ ಆ ಹಂತ ತಲುಪುತ್ತಾರೆ, ಅಂದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು. ಹಳೆಯ ಔಷಧಗಳು ಕೈಕೊಟ್ಟವರ ಪಾಲಿಗೆ ಇದು ದೊಡ್ಡ ಗೆಲುವು. ಆದರೆ ‘ಸುಮಾರು ನಾಲ್ಕು ಪಟ್ಟು ಪರಿಣಾಮಕಾರಿ’ ಎಂಬ ತಲೆಬರಹ ಓದಿದಾಗ ಈ ಚಿತ್ರ ಕಣ್ಣಿಗೆ ಬರುವುದಿಲ್ಲ. ಪಟ್ಟು, ಶೇಕಡಾ ಏನೇ ಇರಲಿ, ಎರಡೂ ಗುಂಪಿನ ಅಂಕಿ ಹುಡುಕಿ ಕಳೆದು ನೋಡಿ.

ಎಷ್ಟು ಕಾಲ ನೋಡಿದರು?

ಹನ್ನೆರಡು, ಹದಿನಾರು ವಾರಗಳ ಪ್ರಯೋಗದಲ್ಲಿ ಔಷಧ ಕೆಲಸ ಮಾಡುತ್ತದೆಯೇ ಎಂಬುದು ತಿಳಿಯುತ್ತದೆ. ಅಪರೂಪದ ಅಡ್ಡಪರಿಣಾಮ ತಿಳಿಯುವುದಿಲ್ಲ. ಸೋರಿಯಾಸಿಸ್‌ಗೆ 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಫಾಲಿಜುಮ್ಯಾಬ್ ಎಂಬ ಚುಚ್ಚುಮದ್ದನ್ನು ದೀರ್ಘಕಾಲ ತೆಗೆದುಕೊಂಡ ಕೆಲವರಲ್ಲಿ ಮೆದುಳಿನ ಮಾರಣಾಂತಿಕ ಸೋಂಕು ಕಂಡುಬಂದದ್ದರಿಂದ 2009ರಲ್ಲಿ ಅದನ್ನು ಮಾರುಕಟ್ಟೆಯಿಂದಲೇ ಹಿಂತೆಗೆದುಕೊಂಡರು. ಹೊಸ ಔಷಧಗಳಿಗೆಲ್ಲ ಹೆದರಬೇಕೆಂದು ಇದನ್ನು ಹೇಳುತ್ತಿಲ್ಲ. ಬಹಳ ವರ್ಷ, ಬಹಳ ಜನ ಬಳಸಿದ ಔಷಧದ ಬಗ್ಗೆ ನಮಗೆ ಹೆಚ್ಚು ತಿಳಿದಿರುತ್ತದೆ, ಅಷ್ಟೇ. ಔಷಧ ನಿಲ್ಲಿಸಿದ ಮೇಲೆ ಏನಾಯಿತು ಎಂದೂ ನೋಡಿ. ಸೋರಿಯಾಸಿಸ್‌ನಲ್ಲಿ ಬಹುಮಂದಿಗೆ ಕಾಯಿಲೆ ಮರಳುತ್ತದೆ. ‘ಶಾಶ್ವತ ಪರಿಹಾರ’ ಎಂಬ ಮಾತು ಕಂಡಲ್ಲಿ ಅನುಮಾನಿಸಿ.

‘ಪ್ರಯೋಜನವಿಲ್ಲ’ ಎಂದ ಪ್ರಬಂಧಗಳನ್ನು ಬಿಡಬೇಡಿ

ಇವು ತಲೆಬರಹವಾಗುವುದು ಕಡಿಮೆ. ಆದರೆ ಮನೆಯಲ್ಲಿ ದಿನವೂ ಉಪಯೋಗಕ್ಕೆ ಬರುವ ಸಂಶೋಧನೆ ಇದೇ. ಇಸುಬು ಇರುವ ಮಕ್ಕಳ ಸ್ನಾನದ ನೀರಿಗೆ ಬೆರೆಸುವ ಎಣ್ಣೆಯಂಥ ತೇವಕಾರಕಗಳನ್ನು 482 ಮಕ್ಕಳಲ್ಲಿ ಪರೀಕ್ಷಿಸಿ 2018ರಲ್ಲಿ ವರದಿ ಮಾಡಿದರು. ತಂದೆತಾಯಿ ಉತ್ತರಿಸುವ 28 ಅಂಕಗಳ ಪಟ್ಟಿಯಲ್ಲಿ ಎರಡು ಗುಂಪಿನ ವ್ಯತ್ಯಾಸ ಅರ್ಧ ಅಂಕವೂ ಇರಲಿಲ್ಲ. ಮಗುವಿಗೆ ಗೊತ್ತಾಗುವಷ್ಟು ಬದಲಾವಣೆ ಎನ್ನಲು ಮೂರು ಅಂಕವಾದರೂ ಬೇಕು. 300 ಮಕ್ಕಳಿಗೆ ವಿಶೇಷ ರೇಷ್ಮೆ ಒಳಉಡುಪು ತೊಡಿಸಿ ನೋಡಿದ 2017ರ ಪ್ರಯೋಗದಲ್ಲೂ ಹೆಚ್ಚಿನ ಲಾಭ ಕಾಣಲಿಲ್ಲ. ಲೋಶನ್, ಕ್ರೀಮ್, ಜೆಲ್, ಮುಲಾಮು ಇವುಗಳಲ್ಲಿ ಯಾವುದು ಮೇಲು ಎಂದು 550 ಮಕ್ಕಳಲ್ಲಿ ಹೋಲಿಸಿದ 2022ರ ಪ್ರಬಂಧ, ನಾಲ್ಕೂ ಒಂದೇ ಎಂದಿತು. ಹಾಗಾದರೆ ಮಗು ತಕರಾರಿಲ್ಲದೆ ಹಚ್ಚಿಸಿಕೊಳ್ಳುವುದೇ ಒಳ್ಳೆಯ ತೇವಕಾರಕ. ಎಷ್ಟು ಮನೆಗಳ ಜಗಳ ತಪ್ಪಿಸುವ ಮಾಹಿತಿ ಇದು!

ಇಲ್ಲಿ ಒಂದು ಎಚ್ಚರಿಕೆ. ಸ್ನಾನದ ನೀರಿಗೆ ಬೆರೆಸುವುದರಿಂದ ಲಾಭವಿಲ್ಲ ಎಂದರೆ ತೇವಕಾರಕವೇ ಬೇಡ ಎಂದಲ್ಲ. ಆ ಪ್ರಯೋಗದ ಎಲ್ಲ ಮಕ್ಕಳೂ ಮೈಗೆ ಹಚ್ಚುವ ತೇವಕಾರಕವನ್ನು ಎಂದಿನಂತೆ ಬಳಸುತ್ತಿದ್ದರು.

ವೈದ್ಯರ ಬಳಿಗೆ ಒಯ್ಯುವಾಗ

ಮೊದಲು ನಿಮ್ಮ ಕಾಯಿಲೆಯ ಹೆಸರು ಖಚಿತವಾಗಿರಲಿ. ಹುಳುಕಡ್ಡಿ, ಗಜ್ಜಿ, ಇಸುಬು, ಸೋರಿಯಾಸಿಸ್ ನೋಡಲು ಒಂದರಂತೆ ಒಂದು ಕಾಣಬಹುದು. ಒಂದರ ಸಂಶೋಧನೆ ಇನ್ನೊಂದಕ್ಕೆ ಸಲ್ಲದು. ಹುಳುಕಡ್ಡಿಗೆ ಸ್ಟೆರಾಯ್ಡ್ ಹಚ್ಚಿದರೆ ಅದು ಇನ್ನಷ್ಟು ಹರಡುತ್ತದೆ.

ಸುದ್ದಿ ಓದಿದ ಹುರುಪಿನಲ್ಲಿ ಈಗಿನ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ. ಸೋರಿಯಾಸಿಸ್ ಇರುವವರು ಸ್ಟೆರಾಯ್ಡ್ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಮೈತುಂಬ ಕೀವುಗುಳ್ಳೆ ಏಳುವ ಅಪಾಯಕಾರಿ ರೂಪಕ್ಕೆ ಕಾಯಿಲೆ ತಿರುಗಬಹುದು. ‘ಸ್ಟೆರಾಯ್ಡ್ ಇಲ್ಲ, ಬರೀ ಗಿಡಮೂಲಿಕೆ’ ಎಂದು ಮಾರುವ ಕ್ರೀಮ್‌ಗಳಲ್ಲಿ ಪ್ರಬಲ ಸ್ಟೆರಾಯ್ಡ್ ಬೆರೆಸಿರುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಪತ್ತೆಯಾದದ್ದೂ ಉಂಟು. ಒಂದೆರಡು ದಿನದಲ್ಲೇ ಪವಾಡದಂತೆ ಗುಣ ಕಂಡರೆ ಅದನ್ನೂ ವೈದ್ಯರಿಗೆ ತೋರಿಸಿ.

ಹೋಗುವಾಗ ಪ್ರಬಂಧದ ಹೆಸರು, ವರ್ಷ ಬರೆದುಕೊಳ್ಳಿ. ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ವಾರಕ್ಕೊಮ್ಮೆ ತೆಗೆದ ಫೋಟೊಗಳು ಜೊತೆಗಿರಲಿ, ಏಕೆಂದರೆ ತೋರಿಸುವ ದಿನ ಚರ್ಮ ತಿಳಿಯಾಗಿರುವುದು ಎಷ್ಟೋ ಸಲ ಆಗುತ್ತದೆ. ಮತ್ತೆ ನೇರವಾಗಿ ಕೇಳಿ: ಈ ಪ್ರಯೋಗದಲ್ಲಿದ್ದವರ ಕಾಯಿಲೆ ನನ್ನಷ್ಟೇ ತೀವ್ರವಾಗಿತ್ತೇ? ಈಗ ನಾನು ಹಚ್ಚುತ್ತಿರುವುದಕ್ಕಿಂತ ಇದು ಮೇಲು ಎಂದು ಹೋಲಿಸಿ ನೋಡಿದ್ದಾರೆಯೇ, ಇಲ್ಲ ಬರೀ ಹುಸಿ ಔಷಧದ ಜೊತೆ ಹೋಲಿಸಿದ್ದೇ? ಶುರು ಮಾಡುವ ಮುನ್ನ ಯಾವ ರಕ್ತಪರೀಕ್ಷೆ ಬೇಕು, ಕ್ಷಯದ ಪರೀಕ್ಷೆ ಬೇಕೇ? ಎಷ್ಟು ವಾರ ನೋಡಿ, ಗುಣ ಕಾಣದಿದ್ದರೆ ಬಿಡಬೇಕು?